ಬಿಟ್ಟಿ ಕೋಣೆಯ ಬೆಲೆ



ಹೋಟೆಲು ಎಂಬ ಶಬ್ದಕ್ಕೆ ನಮ್ಮ ಕಡೆಯಲ್ಲಿ ಬಹುಕಾಲದಿಂದ ಒಂದೇ ಅರ್ಥ. ಕಾಫಿ ಕುಡಿಯುವ, ಊಟ ಮಾಡುವ ಸ್ಥಳವೇ ಹೋಟೆಲು. ರಾತ್ರಿ ತಂಗತಕ್ಕ ಸ್ಥಳ ಲಾಡ್ಜು. ಬೋವಿಕಾನದಿಂದಲೋ ಮುಳ್ಳೇರಿಯದಿಂದಲೋ ದೂರದ ನಗರಕ್ಕೆ ಹೊರಟವರು ಮೊದಲು ವಿಚಾರಿಸುತ್ತಿದ್ದುದು ಅಲ್ಲಿ ನೆಂಟರ ಮನೆ ಯಾವುದಿದೆ ಎಂದು. ಅದಿಲ್ಲವಾದರೆ, ನಮ್ಮ ಊರಿನವರು ನಡೆಸುವ ಲಾಡ್ಜು ಯಾವುದಿದೆ ಎಂದು. ದಕ್ಷಿಣ ಕನ್ನಡದ ಕಡಂದಲೆಯಿಂದ ಹೋದ ಕೆ. ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದಾಗ, ಅಲ್ಲಿಗೆ ಹೋಗುವ ನಮ್ಮ ಜನರಿಗೆ ಅದೇ ಒಂದು ಭರವಸೆಯಾಯಿತು. ಊಟ ನಮ್ಮದು, ಮಾತು ನಮ್ಮದು, ಮಾಲಿಕರು ನಮ್ಮ ಸೀಮೆಯವರು ಎಂಬುದೇ ಅಂದಿನ ನಿಷ್ಠೆಗೆ ಕಾರಣ. ಆ ನಿಷ್ಠೆಗೆ ಯಾರೂ ಅಂಕ ಹಾಕುತ್ತಿರಲಿಲ್ಲ.

ಈಗ ನಿಷ್ಠೆಗೂ ಅಂಕ ಬಂದಿದೆ. ಬೆಂಗಳೂರಿನಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ, ಅಮೆರಿಕದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಕ್ಕಳ ಹೆಸರಿನಲ್ಲಿ ಕಾರ್ಡಿನ ಪಾಯಿಂಟು, ವಿಮಾನದ ಪಾಯಿಂಟು, ಹೋಟೆಲಿನ ಪಾಯಿಂಟು ಎಂಬುದಾಗಿ ರಾಶಿ ಬಿದ್ದಿರುತ್ತದೆ. ಊರಿನಿಂದ ತಂದೆತಾಯಿ ನಗರಕ್ಕೆ ಹೊರಟರೆಂದು ತಿಳಿದೊಡನೆ ಮಗನೋ ಮಗಳೋ ಫೋನು ಮಾಡಿ, “ಅಮ್ಮಾ, ನೀವು ಲಾಡ್ಜು ಹುಡುಕುವುದು ಬೇಡ. ನನ್ನ ಪಾಯಿಂಟಿನಲ್ಲಿ ದೊಡ್ಡ ಹೋಟೆಲೇ ಸಿಗುತ್ತದೆ, ಒಂದು ಪೈಸೆಯೂ ಖರ್ಚಿಲ್ಲ” ಎನ್ನುವುದು ಈಗ ಸರ್ವೇಸಾಮಾನ್ಯ. ಮಾತಿನ ಹಿಂದಿರುವ ಪ್ರೀತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ‘ಖರ್ಚಿಲ್ಲ’ ಎಂಬ ಮಾತು ಮಾತ್ರ ಸ್ವಲ್ಪ ವಿಚಾರಿಸಿ ನೋಡತಕ್ಕದ್ದು.

ಈ ಪಾಯಿಂಟುಗಳ ಮೂಲವೇನು? ಅಮೆರಿಕನ್ ಏರ್‌ಲೈನ್ಸ್ ಎಂಬ ವಿಮಾನ ಸಂಸ್ಥೆ 1981ರಲ್ಲಿ ತನ್ನ ಪ್ರಯಾಣಿಕರು ಹಾರಿದ ಮೈಲಿಗಳನ್ನು ಲೆಕ್ಕವಿಟ್ಟು, ಇಷ್ಟು ಮೈಲಿಗೆ ಇಷ್ಟು ಬಹುಮಾನವೆಂದು ಕೊಡತೊಡಗಿತು. ಗಿರಾಕಿ ಬೇರೆ ವಿಮಾನಕ್ಕೆ ಹೋಗದಿರಲೆಂಬುದೇ ಉದ್ದೇಶ. ಎರಡು ವರ್ಷ ಕಳೆದು 1983ರಲ್ಲಿ ಹಾಲಿಡೇ ಇನ್ ಹಾಗೂ ಮ್ಯಾರಿಯಟ್ ಹೋಟೆಲುಗಳು ಅದೇ ದಾರಿ ಹಿಡಿದವು. ನಮ್ಮ ದೇಶದಲ್ಲಿ ಟಾಟಾ ಸಂಸ್ಥೆಯವರು 2022ರಲ್ಲಿ ಆರಂಭಿಸಿದ ಟಾಟಾ ನ್ಯೂ ಯೋಜನೆಯಲ್ಲಿ ಒಂದು ನ್ಯೂಕಾಯಿನ್ ಎಂದರೆ ಒಂದು ರೂಪಾಯಿ. ತಾಜ್ ಹೋಟೆಲುಗಳಲ್ಲಿಯೂ ಅದು ನಡೆಯುತ್ತದೆ. ಇಂಥಲ್ಲಿ ಲೆಕ್ಕ ಸುಲಭ. ಬೇರೆ ಯೋಜನೆಗಳಲ್ಲಿ ಪಾಯಿಂಟಿನ ಬೆಲೆ ದಿನಕ್ಕೊಂದು ಬಗೆ. ಮ್ಯಾರಿಯಟ್ ಸಂಸ್ಥೆಯವರು, ಯಾವ ವರ್ಗದ ಹೋಟೆಲಿಗೆ ಎಷ್ಟು ಪಾಯಿಂಟು ಎಂಬ ನಿಗದಿಯಾದ ಪಟ್ಟಿಯನ್ನು 2022ರಲ್ಲಿ ಕೈಬಿಟ್ಟರು. ಅಂದಿನಿಂದ ಕೋಣೆಗೆ ಬೇಡಿಕೆ ಏರಿದ ಹಾಗೆ ಪಾಯಿಂಟೂ ಏರುತ್ತದೆ. 24 ತಿಂಗಳ ಕಾಲ ಖಾತೆಯಲ್ಲಿ ಯಾವ ವ್ಯವಹಾರವೂ ಇಲ್ಲವಾದರೆ ಅಲ್ಲಿನ ಪಾಯಿಂಟು ಇಲ್ಲವಾಗುತ್ತದೆ. ಆದುದರಿಂದ ಅಡಕೆಯನ್ನು ಅಟ್ಟದಲ್ಲಿಟ್ಟು ಒಳ್ಳೆಯ ಧಾರಣೆಗೆ ಕಾಯುವಂತೆ ಪಾಯಿಂಟನ್ನು ಇಟ್ಟು ಕಾಯುವಂತಿಲ್ಲ. ಇದರ ಧಾರಣೆ ಕಟ್ಟುವವರೂ ಅವರೇ, ಕೊಳ್ಳುವವರೂ ಅವರೇ.

ಬಿಟ್ಟಿ ವಸತಿಯೆಂಬುದು ನಮಗೆ ಹೊಸತಲ್ಲ. ಬೆಂಗಳೂರಿನ ರೈಲು ನಿಲ್ದಾಣದ ಸಮೀಪದಲ್ಲಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರ 1903ರಲ್ಲಿ ತೆರೆಯಿತು. ಬಂದವರಿಗೆ ತಂಗಲು ಸ್ಥಳವಾಗಲಿ ಎಂಬ ಧರ್ಮಬುದ್ಧಿ ಅದರ ಮೂಲ. ಪಾಯಿಂಟಿನ ಕೋಣೆ ಛತ್ರವಲ್ಲ. ಮಗ ಮಾಡಿದ ಖರ್ಚಿನ ಒಂದು ಪಾಲು ವೇಷ ಬದಲಿಸಿ ಹಿಂದೆ ಬಂದಿದೆ, ಅಷ್ಟೇ. ಹಣವೆಂದ ಮೇಲೆ ಹಣದಂತೆಯೇ ಎಣಿಸಿ ಖರ್ಚು ಮಾಡಬೇಕು.

ಎಣಿಸುವ ಕ್ರಮ ಹೀಗೆ. ಲೆಕ್ಕಕ್ಕಾಗಿ, ಒಂದು ಹೋಟೆಲಿನ ಕೋಣೆಗೆ ದಿನಕ್ಕೆ 6,000 ರೂಪಾಯಿ ಎಂದಿಟ್ಟುಕೊಳ್ಳೋಣ. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗೆ ಜಿ.ಎಸ್.ಟಿ. ನೂರಕ್ಕೆ 5; ಒಟ್ಟು 6,300 ಆಯಿತು. ಅದೇ ಕೋಣೆಗೆ 10,000 ಪಾಯಿಂಟು ಕೇಳಿದರೆ ಒಂದು ಪಾಯಿಂಟಿಗೆ 63 ಪೈಸೆ ಬಿದ್ದಂತೆ. ನೋಡುವುದಕ್ಕೆ ಲಾಭವೇ. ಆದರೆ ಪಾಯಿಂಟು ಇಲ್ಲದಿದ್ದರೆ ಆ ತಂದೆತಾಯಿ 6,000ದ ಕೋಣೆಗೆ ಹೋಗುತ್ತಿದ್ದರೇ? ಆಸ್ಪತ್ರೆಯ ಹತ್ತಿರದ 1,500 ರೂಪಾಯಿಯ ಲಾಡ್ಜಿಗೆ ಹೋಗುತ್ತಿದ್ದರು. ತೆರಿಗೆ ಸೇರಿ 1,575. ಉಳಿತಾಯವೆಂದರೆ ಅಷ್ಟೇ. ದೊಡ್ಡ ಹೋಟೆಲು ದೂರವಿದ್ದು ಹೋಗಿ ಬರುವ ಆಟೋಗೆ 400, ಇಬ್ಬರ ಬೆಳಗಿನ ತಿಂಡಿಗೆ 1,000 ಬಿದ್ದರೆ, ಹತ್ತು ಸಾವಿರ ಪಾಯಿಂಟು ಕೊಟ್ಟು ನಿಜವಾಗಿ ಉಳಿಸಿದ್ದು 175 ರೂಪಾಯಿ. ಮೂಗಿಗಿಂತ ಮೂಗುತಿ ಭಾರವೆನ್ನುವುದು ಇದಕ್ಕೇ.

ಹಾಗೆಂದು ಪಾಯಿಂಟು ವ್ಯರ್ಥವೆಂದು ನಾವು ಹೇಳುವುದಿಲ್ಲ. 7,500 ದಾಟಿದ ಕೋಣೆಗೆ ತೆರಿಗೆ ನೂರಕ್ಕೆ 18 ಆಗುತ್ತದೆ. 7,400ರ ಕೋಣೆ ತೆರಿಗೆ ಸೇರಿ 7,770 ಆದರೆ, 7,600ರ ಕೋಣೆ 8,968 ಆಗುತ್ತದೆ. ಬೇರೆ ದಾರಿಯಿಲ್ಲದೆ ದುಬಾರಿ ಕೋಣೆಯನ್ನೇ ಹಿಡಿಯಬೇಕಾದ ಸಂದರ್ಭದಲ್ಲಿ, ಅದೂ ತೆರಿಗೆ ಪಾಯಿಂಟಿನೊಳಗೇ ಸೇರಿದ್ದರೆ, ಪಾಯಿಂಟು ನಿಜವಾಗಿ ಕೈಹಿಡಿಯುತ್ತದೆ. ಮುಂಬಯಿಯಲ್ಲಿ ಮದುವೆಯ ದಿನಗಳಲ್ಲಿ ಕೋಣೆಯ ದರ ಏರಿರುವಾಗ ಇಂಥ ಸಂದರ್ಭ ಬರುವುದುಂಟು. ಮ್ಯಾರಿಯಟ್‌ನಲ್ಲಿ ಪಾಯಿಂಟು ಕೊಟ್ಟು ಒಂದೇ ಹೋಟೆಲಿನಲ್ಲಿ ಸತತ ಐದು ರಾತ್ರಿ ತಂಗಿದರೆ ನಾಲ್ಕು ರಾತ್ರಿಯ ಪಾಯಿಂಟು ಸಾಕು. ಐದು ದಿನದ ಕೆಲಸವಿದ್ದವರು ಇದನ್ನು ಗಮನಿಸಬೇಕು. ಎರಡು ದಿನದ ಕೆಲಸವಿದ್ದವರು ಐದನೆಯ ರಾತ್ರಿಯ ಆಸೆಗೆ ಊರಿನ ಹಟ್ಟಿ, ತೋಟ ಬಿಟ್ಟು ಕುಳಿತುಕೊಳ್ಳಬಾರದು.

ಇನ್ನು ಮುಖ್ಯವಾದ ವಿಚಾರಕ್ಕೆ ಬರೋಣ. ನಮ್ಮ ಗಡಿನಾಡಿನವರು ನಗರಕ್ಕೆ ಹೋಗುವುದು ಯಾವುದಕ್ಕಾಗಿ? ಮದುವೆಗೆ, ಮಕ್ಕಳ ಕಾಲೇಜಿಗೆ, ಪರೀಕ್ಷೆಗೆ, ವೀಸಾದ ಕಚೇರಿಗೆ. ಎಲ್ಲಕ್ಕಿಂತ ಹೆಚ್ಚಾಗಿ ಆಸ್ಪತ್ರೆಗೆ. ಬೋವಿಕಾನವಿರುವ ಮುಳಿಯಾರು ಪಂಚಾಯತು ಎಂಡೋಸಲ್ಫಾನಿನ ಸಂಕಟವನ್ನು ಉಂಡ ಪಂಚಾಯತುಗಳಲ್ಲೊಂದು. ಗೇರುತೋಟಗಳ ಮೇಲೆ ಆಕಾಶದಿಂದ ಆ ವಿಷವನ್ನು ಸಿಂಪಡಿಸುವುದು 2000ದಲ್ಲಿ ನಿಂತರೂ, ಆ ಬಳಿಕವೂ ಮಕ್ಕಳನ್ನು ಎತ್ತಿಕೊಂಡು ಊರೂರು ಅಲೆದ ತಾಯಂದಿರನ್ನು ನಮ್ಮ ವಾಚಕರು ಬಲ್ಲರು. 2020ರಲ್ಲಿ ಕೊರೋನಾದ ನಿಮಿತ್ತ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನು ಬಿಟ್ಟರೆ ನಮಗೆ ಗತಿಯಿಲ್ಲವೆಂಬುದು ದೇಶಕ್ಕೆಲ್ಲ ತಿಳಿಯಿತು. ಹೀಗಿರುವಾಗ ನಗರದ ವಸತಿ ನಮಗೆ ವಿಲಾಸದ ಮಾತಲ್ಲ. ಅದು ಚಿಕಿತ್ಸೆಯ ಒಂದು ಅಂಗವೇ ಸರಿ.

ಬೋವಿಕಾನದಿಂದ ಬೆಂಗಳೂರಿಗೆ ದಾರಿ ಎರಡು. ಒಂದು, ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಸುಳ್ಯ ಸೇರಿ ಅಲ್ಲಿಂದ ಬಸ್ಸು. ಇನ್ನೊಂದು, ಕಾಸರಗೋಡಿಗೆ ಇಳಿದು, ಕಣ್ಣೂರಿನ ಕಡೆಯಿಂದ ಮಂಗಳೂರಿನ ಮಾರ್ಗವಾಗಿ ಹೋಗುವ ರಾತ್ರಿ ರೈಲು. ರಾತ್ರಿಯ ಪ್ರಯಾಣವಾದರೆ ಯಾವ ದಾರಿಯಲ್ಲಿ ಹೋದರೂ ತಲುಪುವುದು ಬೆಳಗಿನ ಜಾವಕ್ಕೆ. ದೊಡ್ಡ ಹೋಟೆಲುಗಳಲ್ಲಾದರೋ ಕೋಣೆ ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡು ಅಥವಾ ಮೂರು ಗಂಟೆಗೆ, ಬಿಡಬೇಕಾದದ್ದು ಮರುದಿನ ಹನ್ನೊಂದು ಹನ್ನೆರಡಕ್ಕೆ. ರಾತ್ರಿಯಿಡೀ ಕುಳಿತು ಬಂದ ವೃದ್ಧರು ಬೆಳಗ್ಗೆ ಏಳು ಗಂಟೆಗೆ ಸ್ನಾನಕ್ಕೆ ನೀರಿಲ್ಲದೆ, ಬೆನ್ನು ನೀಡಲು ಮಂಚವಿಲ್ಲದೆ, ಹೊಳೆಯುವ ಹಜಾರದ ಸೋಫಾದಲ್ಲಿ ಮಧ್ಯಾಹ್ನದವರೆಗೆ ಕುಳಿತಿರಬೇಕಾದರೆ ಆ ಹೋಟೆಲಿನ ನಕ್ಷತ್ರಗಳೆಷ್ಟಿದ್ದರೇನು? ಬಸ್ಸು ರೈಲು ನಿಲ್ದಾಣಗಳ ಸಮೀಪದ ಹಲವು ಲಾಡ್ಜುಗಳಲ್ಲಿ, ಕೋಣೆ ಹಿಡಿದ ಹೊತ್ತಿನಿಂದ 24 ಗಂಟೆ ಎಂಬ ಕ್ರಮವಿದೆ. ಬೆಳಗ್ಗೆ ಏಳಕ್ಕೆ ಹಿಡಿದರೆ ಮರುದಿನ ಏಳರವರೆಗೆ ನಮ್ಮದು. ಹೋಟೆಲೇ ಆಗಬೇಕೆಂದಿದ್ದರೆ, ಬೆಳಗ್ಗೆಯೇ ಕೋಣೆ ಕೊಡುವರೇ, ಅದಕ್ಕೆ ಬೇರೆ ಹಣವೇ ಎಂಬುದನ್ನು ಮುಂಚಿತವಾಗಿ ಫೋನಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳುವುದು ಅವಶ್ಯ.

ಅನಂತರದ್ದು ಸ್ಥಳ. ಬೆಂಗಳೂರು ಎಂಬ ಒಂದೇ ವಿಳಾಸದಲ್ಲಿ ಈಗ ಹತ್ತು ಊರುಗಳಿವೆ. 2008ರಲ್ಲಿ ಆರಂಭವಾದ ದೇವನಹಳ್ಳಿಯ ವಿಮಾನ ನಿಲ್ದಾಣ ಪೇಟೆಯ ನಡುವಿನಿಂದ ಸುಮಾರು 35 ಕಿಲೋಮೀಟರು. ಅದರ ಬಳಿಯ ಹೋಟೆಲಿಗೂ ಬೆಂಗಳೂರೆಂದೇ ಹೆಸರು. ಪಾಯಿಂಟು ಕಡಮೆ ಕೇಳಿತೆಂದು ಅಲ್ಲಿ ಕೋಣೆ ಹಿಡಿದು, ಹೊಸೂರು ರಸ್ತೆಯ ಕಿದ್ವಾಯಿಗೋ ನಿಮ್ಹಾನ್ಸಿಗೋ ಬೆಳಗ್ಗೆ ಚೀಟಿ ಮಾಡಿಸಲು ಹೊರಟರೆ ಊರಿನಿಂದ ಮಂಗಳೂರಿಗೆ ಹೋದಷ್ಟೇ ದಣಿವು. ಈ ಎರಡು ಆಸ್ಪತ್ರೆಗಳ ಆವರಣಗಳಲ್ಲಿಯೂ ರೋಗಿಗಳ ಜೊತೆಗಾರರಿಗಾಗಿ ಧರ್ಮಶಾಲೆಗಳಿವೆ. ಅಲ್ಲಿ ಸ್ಥಳ ಸಿಕ್ಕಿದರೆ ಅದಕ್ಕಿಂತ ಹತ್ತಿರದ್ದು ಬೇರಿಲ್ಲ. ಮೆಟ್ರೋ ರೈಲು ನಮ್ಮಂಥವರಿಗೆ ದೊಡ್ಡ ಉಪಕಾರ ಮಾಡಿದೆ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡಿನವರೆಗೆ ಪೂರ್ಣವಾಗಿ ತೆರೆದ ಮೇಲೆ ಅಲ್ಲಿನ ಸತ್ಯಸಾಯಿ ಆಸ್ಪತ್ರೆಗೆ ಮೆಜೆಸ್ಟಿಕ್‌ನಿಂದ ನೇರ ಹೋಗಬಹುದು. 2025ರ ಆಗಸ್ಟ್ 10ರಂದು ಆರಂಭವಾದ ಹಳದಿ ಮಾರ್ಗದಲ್ಲಿ ಜಯದೇವ ಆಸ್ಪತ್ರೆಗೆ ನಿಲ್ದಾಣವಿದೆ, ಅದೇ ಮಾರ್ಗ ಬೊಮ್ಮಸಂದ್ರದವರೆಗೆ ಹೋಗುತ್ತದೆ. ಆಸ್ಪತ್ರೆಯ ಎದುರಿನಲ್ಲಿ ಕೋಣೆ ಸಿಗದಿದ್ದರೂ ಚಿಂತೆಯಿಲ್ಲ. ಅದೇ ಮಾರ್ಗದ ಯಾವುದಾದರೂ ಮೆಟ್ರೋ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಸಿಕ್ಕಿದರೆ ಸಾಕು.

ಕೋಣೆ ಗೊತ್ತುಪಡಿಸುವಾಗ ಕೇಳತಕ್ಕ ಇನ್ನು ಕೆಲವು ವಿಚಾರಗಳಿವೆ. ಪಾಯಿಂಟಿನ ಕೋಣೆ ಹೆಚ್ಚಾಗಿ ಇಬ್ಬರಿಗೆ. ಜೊತೆಗೆ ಹೊರಟ ಅತ್ತೆಯೋ ಭಾವನೋ ಮೂರನೆಯವರಾದರೆ ಹೆಚ್ಚಿನ ಹಣ ಕೇಳುವುದುಂಟು. ಬೆಳಗಿನ ತಿಂಡಿ ಸೇರಿದೆಯೇ, ತೆರಿಗೆ ಸೇರಿದೆಯೇ, ಹೋಗುವುದು ನಿಂತರೆ ಪಾಯಿಂಟು ಹಿಂದೆ ಬರುವುದೇ ಎಂಬುದನ್ನು ತಿಳಿದಿರಬೇಕು. ಆಸ್ಪತ್ರೆಯ ದಿನಾಂಕ ಬದಲಾಗುವುದು ಹೊಸ ಸಂಗತಿಯೇನಲ್ಲ. ಖಾತೆ ಮಗನದ್ದು, ತಂಗುವವರು ತಂದೆತಾಯಿ ಎಂದಾದರೆ ಅವರ ಹೆಸರು ಗುರುತಿನ ಚೀಟಿಯಲ್ಲಿರುವ ಹಾಗೆಯೇ ನೋಂದಣಿಯಾಗಿರಬೇಕು. ನಮ್ಮಲ್ಲಿ ಮನೆತನದ ಹೆಸರೊಂದು ಕಡೆ, ತಂದೆಯ ಹೆಸರೊಂದು ಕಡೆ ಸೇರಿ ಒಬ್ಬರಿಗೇ ಮೂರು ಬಗೆಯ ಹೆಸರುಗಳಿರುವುದರಿಂದ ಈ ಎಚ್ಚರಿಕೆ ನಮಗೆ ಇಮ್ಮಡಿ ಬೇಕು. ಹೊರದೇಶದ ಪಾಸ್‌ಪೋರ್ಟುಳ್ಳ ಮೊಮ್ಮಕ್ಕಳು ಜೊತೆಗಿದ್ದರೆ ಅವರ ವಿವರವನ್ನು ಹೋಟೆಲಿನವರು ಸರಕಾರಕ್ಕೆ ತಿಳಿಸಬೇಕಾಗುತ್ತದೆ. ಆ ಕೆಲಸಕ್ಕೆ ಹಿಂಜರಿದು ಸಣ್ಣ ಲಾಡ್ಜುಗಳವರು ಕೋಣೆ ಇಲ್ಲವೆಂದುಬಿಡುವುದೂ ಉಂಟು; ಅಂಥಲ್ಲಿ ದೊಡ್ಡ ಹೋಟೆಲೇ ಲೇಸು.

ಮಕ್ಕಳಿಗೂ ಒಂದು ಮಾತು. ಹೊರದೇಶದಲ್ಲಿ ಕುಳಿತು ಅಮ್ಮನಿಗೆ ಒಳ್ಳೆಯ ಕೋಣೆ ಹಿಡಿದುಕೊಟ್ಟೆನೆಂಬ ತೃಪ್ತಿ ನಿಮಗೆ ದೊರೆಯಬಹುದು. ಆದರೆ ಬೀಗದ ಬದಲು ಕಾರ್ಡು ತೂರಿಸಿ ತೆರೆಯುವ ಬಾಗಿಲು, ಗುಂಡಿ ಎಲ್ಲಿದೆಯೆಂದು ತಿಳಿಯದ ದೀಪ, ಹೊದಿಕೆಯನ್ನೂ ಕೊರೆಯುವ ಎ.ಸಿ., ಇನ್ನೂರು ರೂಪಾಯಿಯ ಕಾಫಿ, ಕನ್ನಡಕ್ಕೂ ಮಲೆಯಾಳಕ್ಕೂ ಉತ್ತರಿಸದ ಮೇಜಿನವರು—ಇವುಗಳ ನಡುವೆ ಒಬ್ಬ ತಾಯಿ, ಮರುದಿನದ ಪರೀಕ್ಷೆಯ ಫಲಿತಾಂಶವನ್ನು ನೆನೆಯುತ್ತ, ಮಗನಿಗೆ ಬೇಸರವಾದೀತೆಂದು ಯಾವುದನ್ನೂ ಹೇಳದೆ ರಾತ್ರಿ ಕಳೆಯುವುದು ಸಾಧ್ಯ. ಅದೇ ಕೋಣೆ ಇನ್ನೊಬ್ಬ ತಾಯಿಗೆ ಜೀವಮಾನದ ಒಂದು ಸಂತೋಷವಾಗಲೂಬಹುದು. ಯಾರಿಗೆ ಯಾವುದೆಂಬುದನ್ನು ಪಾಯಿಂಟಿನ ಲೆಕ್ಕ ಹೇಳಲಾರದು, ಅವರನ್ನೇ ಕೇಳಬೇಕು.

ಹಿರಿಯರೂ ಸಂಕೋಚವನ್ನು ಬಿಡಬೇಕು. ಕೋಣೆ ಆಸ್ಪತ್ರೆಗೆ ದೂರ, ಮೆಟ್ಟಿಲು ಹತ್ತಲಾರೆ, ಗಂಜಿ ಸಿಗುವ ಸ್ಥಳ ಬೇಕು, ಚಿಕ್ಕಮ್ಮನ ಮನೆಯೇ ಸಾಕು ಎಂಬುದನ್ನು ಬಾಯಿಬಿಟ್ಟು ಹೇಳಿದರೆ ಮಕ್ಕಳ ಪ್ರೀತಿಗೆ ಕುಂದಿಲ್ಲ. ನೆಂಟರ ಮನೆಯಲ್ಲಿ ತಂಗುವುದಾದರೂ ಈಗಿನ ಎರಡು ಕೋಣೆಯ ಮನೆಗಳ ಇಕ್ಕಟ್ಟನ್ನರಿತು, ದಿನ ತಿಳಿಸಿ, ಅವರ ಅನುಕೂಲ ಕೇಳಿ ಹೋಗುವುದು ಮರ್ಯಾದೆ.

ಆದುದರಿಂದ ಮೊದಲು ಕೆಲಸ ಯಾವುದೆಂದು ನೋಡಿ. ಆಮೇಲೆ ಹೋಗುವವರು ಯಾರು, ತಲುಪುವ ಹೊತ್ತು ಯಾವುದು ಎಂದು ನೋಡಿ. ಅದಕ್ಕೆ ಹೊಂದುವ ಮೂರು ಸ್ಥಳಗಳನ್ನು ಗುರುತು ಮಾಡಿ. ಆ ಮೂರರಲ್ಲಿ ಒಂದಕ್ಕೆ ಪಾಯಿಂಟು ನಡೆಯುವುದಾದರೆ ಸಂತೋಷದಿಂದ ಬಳಸಿ. ಮೂರರಲ್ಲಿಯೂ ನಡೆಯದಿದ್ದರೆ ಪಾಯಿಂಟು ಖಾತೆಯಲ್ಲಿಯೇ ಇರಲಿ. ಚಿಕಿತ್ಸೆ ಮುಗಿದು ಅಮ್ಮ ಗುಣವಾದ ಮೇಲೆ, ಮಧ್ಯಾಹ್ನ ಎರಡು ಗಂಟೆಗೆ ಸಾವಕಾಶವಾಗಿ ತಲುಪಿ, ಯಾವ ಚೀಟಿಯ ಸಾಲಿಗೂ ಓಡುವ ಅವಸರವಿಲ್ಲದೆ ಎರಡು ದಿನ ನಗರ ನೋಡಿ ಬರುವುದಕ್ಕೆ ಅದು ಒದಗಲಿ.