ಹಿತ್ತಲಿನ ಬಣ್ಣದ ನೇಕಾರರು

ಶ್ರಾವಣದ ಬೆಳಗಿನಲ್ಲಿ ಲಿಂಗಪೂಜೆಗೆಂದು ಹೂ, ಪತ್ರೆಗಳನ್ನು ತರಲು ಹಿತ್ತಲಿಗೆ ಹೋದ ತಾಯಂದಿರು ಗಿಡಗಳ ನಡುವೆ ಕುಳಿತ ಬಣ್ಣದ ಜೇಡಗಳನ್ನು ಕಂಡೇ ಇರುತ್ತಾರೆ. ಕಂಡೊಡನೆ ಕಸಬರಿಗೆ ಕೈಗೆ ಬರುತ್ತದೆ. ಬಣ್ಣ ಗಾಢವಾದಷ್ಟೂ ವಿಷ ಹೆಚ್ಚೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಹಿಂದಿನ ಕನ್ನಡದಲ್ಲಿ ಜೇಡನೆಂದರೆ ನೇಕಾರ. ಶರಣ ಜೇಡರ ದಾಸಿಮಯ್ಯನವರ ಹೆಸರಿನಲ್ಲಿರುವುದೂ ಆ ಕಾಯಕವೇ. ನಮ್ಮ ಮಲೆನಾಡು ಮತ್ತು ಅದರ ಸೆರಗಿನ ಊರುಗಳಲ್ಲಿ ಕಾಣುವ ಈ ನೇಕಾರರ ಪರಿಚಯವನ್ನು ಈ ಸಲ ಮಾಡಿಕೊಳ್ಳೋಣ.

ಸುಲಭವಾಗಿ ಗುರುತಿಗೆ ಸಿಗುವುದು ಸಹಿ ಜೇಡ. ಹಳದಿ ಬೆನ್ನಿನ ಮೇಲೆ ಅಡ್ಡಪಟ್ಟೆಗಳು. ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ, ಬಲೆಯ ನಡುವೆ ತಲೆಕೆಳಗಾಗಿ, ಗುಣಾಕಾರದ ಚಿಹ್ನೆಯಂತೆ ಕುಳಿತಿರುತ್ತದೆ. ಬಲೆಯಲ್ಲಿ ದಪ್ಪ ಬಿಳಿ ನೂಲಿನ ಅಂಕುಡೊಂಕು ಗೆರೆಗಳಿರುತ್ತವೆ. ಯಾರೋ ರುಜು ಹಾಕಿ ಹೋದಂತೆ! ಸಮೀಪ ಹೋದರೆ ಬಲೆಯನ್ನೇ ಜೋರಾಗಿ ಅಲುಗಿಸುತ್ತದೆ. ಅದು ಅದರ ಭಯವೇ ಹೊರತು ಕೋಪವಲ್ಲ.

ಕಾಡಂಚಿನ ಅಡಿಕೆ, ಕಾಫಿ ತೋಟಗಳಲ್ಲಿ ದೈತ್ಯ ಜೇಡವಿದೆ. ಹೆಣ್ಣಿನ ದೇಹವೇ 3ರಿಂದ 5 ಸೆಂಟಿಮೀಟರ್ ಉದ್ದ. ಕಪ್ಪು ಮೈಯ ಮೇಲೆ ಹಳದಿ ಗೆರೆಗಳು. ಬಿಸಿಲು ಬಿದ್ದಾಗ ಇದರ ನೂಲು ಹೊನ್ನಿನಂತೆ ಹೊಳೆಯುತ್ತದೆ. ಅದೇ ಬಲೆಯ ಮೂಲೆಯಲ್ಲಿ ಕಾಣುವ ಪುಟ್ಟ ಕೆಂಪು ಜೇಡ ಮರಿಯಲ್ಲ, ಅದು ಗಂಡು.

ಬಲೆಯನ್ನೇ ಕಟ್ಟದವೂ ಇವೆ. ಎಲೆಯ ಮೇಲೆ, ಮುಳ್ಳುಗಾಲಿನ ಅಚ್ಚ ಹಸುರು ಜೇಡ ಬೇಟೆಗಾಗಿ ಹೊಂಚುತ್ತದೆ. ಹೂವಿನೊಳಗೆ ಅಡಗುವ ಏಡಿ ಜೇಡ ಕೆಲವೇ ದಿನಗಳಲ್ಲಿ ಬಿಳಿಯಿಂದ ಹಳದಿಗೆ ಬಣ್ಣ ಬದಲಿಸಬಲ್ಲದು. ಪೂಜೆಯ ಹೂವನ್ನು ಬುಟ್ಟಿಗೆ ಹಾಕುವ ಮುನ್ನ ಒಮ್ಮೆ ಕೊಡವಿದರೆ ಸಾಕು. ಎಲೆಗಳನ್ನು ಹೆಣೆದು ಗೂಡು ಮಾಡುವ ಕೆಂಪು ಚಗಳಿ ಇರುವೆಯ ವೇಷ ತೊಟ್ಟ ಜೇಡವಂತೂ ಮುಂಗಾಲುಗಳನ್ನು ಮೀಸೆಯಂತೆ ಎತ್ತಿ ನಡೆಯುತ್ತದೆ. ಕಾಲುಗಳನ್ನು ಎಣಿಸಿದರೆ ಗುಟ್ಟು ರಟ್ಟು: ಇರುವೆಗೆ ಆರು, ಜೇಡಕ್ಕೆ ಎಂಟು.

ಇವೆಲ್ಲಕ್ಕೂ ಕೀಟಗಳನ್ನು ಕೊಲ್ಲುವಷ್ಟು ವಿಷವುಂಟು. ಹಿಡಿದು ಹಿಸುಕಿದರೆ ಕಚ್ಚಿಯಾವು. ಆದರೆ ಇವುಗಳಿಂದ ಮನುಷ್ಯನ ಪ್ರಾಣಕ್ಕೆ ಅಪಾಯವಿಲ್ಲ.

ಜೇಡದ ಮೇಲೆ ನಾವು ಹೊರಿಸುವ ಇನ್ನೊಂದು ಅಪವಾದವಿದೆ. ಮೈಮೇಲೆ ಉರಿಯುವ ಗುಳ್ಳೆಗಳೆದ್ದರೆ 'ಜೇಡ ಉಚ್ಚೆ ಹೊಯ್ದಿದೆ' ಎಂದು ಕೆಮ್ಮಣ್ಣು ಬಳಿದು ಸುಮ್ಮನಾಗುವವರು ಇಂದಿಗೂ ಇದ್ದಾರೆ. ಜೇಡದ ಉಚ್ಚೆಯಿಂದ ಗುಳ್ಳೆ ಏಳುವುದಿಲ್ಲ. ಹಲವು ಸಲ ಅದು ಮಳೆಗಾಲದ ರಾತ್ರಿ ದೀಪಕ್ಕೆ ಬರುವ, ಕಪ್ಪು–ಕಿತ್ತಳೆ ಬಣ್ಣದ ಸಣ್ಣ ಹುಳು ಮೈಮೇಲೆ ಅರೆದುಹೋದಾಗ ಅದರ ರಸ ತಾಗಿ ಆದ ಸುಟ್ಟಗಾಯ; ಹುಳುವನ್ನು ಉಜ್ಜದೆ ಊದಿ ಹಾರಿಸಬೇಕು, ತಾಗಿದ ಜಾಗವನ್ನು ಕೂಡಲೇ ಸಾಬೂನಿನಿಂದ ತೊಳೆಯಬೇಕು. ಆದರೆ ಗುಳ್ಳೆಗಳು ದೇಹದ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಎದ್ದು, ಅದಕ್ಕೂ ಮುನ್ನವೇ ಅಲ್ಲಿ ಉರಿನೋವು ಇದ್ದರೆ ಅದು ಸರ್ಪಸುತ್ತು ಆಗಿರಬಹುದು. ಬಾಲ್ಯದಲ್ಲಿ ಸೀತಾಳೆ ಸಿಡುಬು ತಂದ ವೈರಾಣುವೇ ನರಗಳಲ್ಲಿ ಉಳಿದು, ಹಿರಿಯರಲ್ಲಿ ಹೀಗೆ ಮರಳಿ ಏಳುತ್ತದೆ. ಗುಳ್ಳೆ ಕಂಡ 72 ಗಂಟೆಗಳೊಳಗೆ ಔಷಧ ಆರಂಭಿಸಿದರೆ ಹೆಚ್ಚು ಫಲ. ಹಣೆಯ ಮೇಲೋ ಕಣ್ಣಿನ ಬಳಿಯೋ ಎದ್ದರೆ ದೃಷ್ಟಿಗೇ ಕುತ್ತು. ಅಂದೇ ವೈದ್ಯರಿಗೆ ತೋರಿಸಬೇಕು.