ಬಾಗಿಲ ಲೈಟ್ ಆರಿಸಬೇಡಿ: 25 ಡಾಲರಿನಲ್ಲಿ ಇನ್ನೂರು ಮಕ್ಕಳ ಹ್ಯಾಲೋವೀನ್

"ಈ ಸಲ ಲೈಟ್ ಆಫ್ ಮಾಡಿ ಒಳಗೆ ಕೂತುಬಿಡೋಣ."

2024ರ ಅಕ್ಟೋಬರ್ ಮಧ್ಯದಲ್ಲಿ ಒಂದು ರಾತ್ರಿ ಇವರು ಹೀಗಂದಾಗ ನಾನು ಏನೂ ಮಾತಾಡಲಿಲ್ಲ. ಮಾತಾಡೋಕೆ ಏನಿತ್ತು? ಸೆಪ್ಟೆಂಬರ್ ಕೊನೇ ವಾರದಲ್ಲಿ ಇವರ ಕೆಲಸ ಹೋಗಿತ್ತು. ಎಚ್‌-1ಬಿ ವೀಸಾದಲ್ಲಿ ಇರೋರಿಗೆ ಆ ಲೆಕ್ಕ ಬಾಯಿಪಾಠ: ಕೆಲಸ ಹೋದ ಮೇಲೆ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ಅರ್ಜಿ ಹಾಕಬೇಕು, ಇಲ್ಲ ಬೇರೆ ದಾರಿ ನೋಡಬೇಕು, ಎರಡೂ ಆಗದಿದ್ರೆ ಗಂಟುಮೂಟೆ ಕಟ್ಟಬೇಕು. ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ ಇವರು ದಿನಾ ಒಂದು ಗೀಟು ಎಳೀತಿದ್ರು. ಹ್ಯಾಲೋವೀನ್ 38ನೇ ಗೀಟಿಗೆ ಬೀಳ್ತಿತ್ತು.

ಅಮೆರಿಕದಲ್ಲಿ ಇಲ್ಲದೋರಿಗೆ ಒಂದು ಮಾತು. ಅಕ್ಟೋಬರ್ 31ರ ಸಂಜೆ ಇಲ್ಲಿ ಮಕ್ಕಳು ವೇಷ ಹಾಕ್ಕೊಂಡು, ಕೈಯಲ್ಲೊಂದು ಚೀಲ ಹಿಡ್ಕೊಂಡು ಮನೆ ಮನೆಗೆ ಬರ್ತಾರೆ. "ಟ್ರಿಕ್ ಆರ್ ಟ್ರೀಟ್" ಅಂತಾರೆ, ನಾವು ಕ್ಯಾಂಡಿ ಕೊಡ್ತೀವಿ. ಬಾಗಿಲ ಹೊರಗಿನ ಲೈಟ್ ಉರೀತಿದ್ರೆ "ಬನ್ನಿ" ಅಂತ ಅರ್ಥ. ಆರಿದ್ರೆ "ನಮ್ಮನೇಲಿ ಇಲ್ಲ, ಮುಂದೆ ಹೋಗಿ" ಅಂತ. ಬಾಯಿ ಬಿಟ್ಟು ಯಾರೂ ಹೇಳಲ್ಲ, ಆದ್ರೆ ಮೂರು ವರ್ಷದ ಮಗುವಿಗೂ ಗೊತ್ತು.

ನ್ಯೂ ಜೆರ್ಸಿಯ ನಮ್ಮ ಬೀದಿಗೆ ಎರಡೂ ಕಡೆ ಫುಟ್‌ಪಾತ್ ಇದೆ, ಬೀದಿ ದೀಪ ಇದೆ, ಮನೆಗಳು ಒತ್ತೊತ್ತಾಗಿವೆ. ಇಂಥ ಬೀದಿ ಅಂದ್ರೆ ದೂರದ ಅಪಾರ್ಟ್‌ಮೆಂಟುಗಳಿಂದಲೂ ಅಪ್ಪ-ಅಮ್ಮಂದಿರು ಮಕ್ಕಳನ್ನ ಕಾರಿನಲ್ಲಿ ಕರ್ಕೊಂಡು ಬರ್ತಾರೆ. 2023ರಲ್ಲಿ, ಈ ಮನೆಗೆ ಬಂದ ಮೊದಲ ವರ್ಷ, ನಮಗೆ ಇದು ಗೊತ್ತಿರಲಿಲ್ಲ. 150 ಚಾಕ್ಲೇಟಿನ ಎರಡು ಚೀಲ ತಂದು, ಜೋರಾಗಿ ಮೂರ್ಮೂರು ಹಂಚಿದೆವು. ಆರೂಮುಕ್ಕಾಲಿಗೆ ಎಲ್ಲಾ ಖಾಲಿ! ಗಾಬರಿಯಲ್ಲಿ ಲೈಟ್ ಆರಿಸಿದೆ. ಕಿಟಕಿಯಿಂದ ನೋಡಿದ್ರೆ ಡೈನೋಸಾರ್ ವೇಷದ ಒಬ್ಬ ಪುಟಾಣಿ ಆಗಲೇ ನಮ್ಮ ಮೆಟ್ಟಿಲು ಹತ್ತಿದ್ದ. ಅವರಪ್ಪ ಮೆಲ್ಲಗೆ ಏನೋ ಹೇಳಿ ಕೈ ಹಿಡಿದು ಇಳಿಸಿಕೊಂಡು ಹೋದ್ರು. ಆ ಹುಡುಗನ ಬಾಲ ಮೆಟ್ಟಿಲ ಮೇಲೆ ಎಳೆದುಕೊಂಡು ಹೋದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹಾಗಾಗಿ ಮರುವರ್ಷ ಇವರು "ಆಫ್ ಮಾಡೋಣ" ಅಂದಾಗ ಮನಸ್ಸು ಒಪ್ಪಲಿಲ್ಲ. ಆದ್ರೆ ಬ್ಯಾಂಕ್ ಬ್ಯಾಲೆನ್ಸ್ ಒಪ್ಪಿತ್ತು.

ತೀರ್ಮಾನ ಮಾಡಿದ್ದು ಅಮ್ಮ. ಮೈಸೂರಿಂದ ಬಂದಿದ್ದ ಅಮ್ಮ ತಾವು ತಂದಿದ್ದ ಪಂಚಾಂಗ ತೆಗೆದು ತೋರಿಸಿದ್ರು. ಆ ವರ್ಷ ಅಕ್ಟೋಬರ್ 31 ಅಂದ್ರೆ ನರಕ ಚತುರ್ದಶಿ. "ದೀಪಾವಳಿ ದಿನ ಬಾಗಿಲ ದೀಪ ಯಾರಾದ್ರೂ ಆರಿಸ್ತಾರೇನೇ?" ಅಂದ್ರು. ಅಲ್ಲಿಗೆ ಚರ್ಚೆ ಮುಗೀತು. ಉಳಿದದ್ದು ದುಡ್ಡಿನ ಪ್ರಶ್ನೆ ಮಾತ್ರ.

ಕೊಬ್ಬರಿ ಮಿಠಾಯಿ ಯಾಕೆ ಆಗಲ್ಲ

"ಎರಡು ಕೆಜಿ ಸಕ್ಕರೆ ತಂದುಕೊಡು, ಕೊಬ್ಬರಿ ಮಿಠಾಯಿ ಮಾಡಿ ರಾಶಿ ಹಾಕ್ತೀನಿ" ಅಂತ ಅಮ್ಮ ಸೆರಗು ಸಿಕ್ಕಿಸಿದ್ರು. ಇಲ್ಲಿ ಮನೇಲಿ ಮಾಡಿದ್ದನ್ನ ಅಪರಿಚಿತ ಮಕ್ಕಳಿಗೆ ಕೊಡೋ ಹಾಗಿಲ್ಲ ಅಂತ ಅವರಿಗೆ ಅರ್ಥ ಮಾಡಿಸೋಕೆ ಅರ್ಧ ಗಂಟೆ ಬೇಕಾಯ್ತು. ಹಿಂದೆ ಇಲ್ಲೂ ಪಾಪ್‌ಕಾರ್ನ್ ಉಂಡೆ, ಸೇಬು, ಬೀಜ ಎಲ್ಲಾ ಕೊಡ್ತಿದ್ರಂತೆ. ಆಮೇಲೆ ಯಾರೋ ವಿಷ ಹಾಕ್ತಾರೆ, ಬ್ಲೇಡ್ ಇಡ್ತಾರೆ ಅನ್ನೋ ಭಯ ಹಬ್ಬಿತು. ಜೋಯೆಲ್ ಬೆಸ್ಟ್ ಅನ್ನೋ ಸಮಾಜಶಾಸ್ತ್ರಜ್ಞರು ದಶಕಗಳ ವರದಿಗಳನ್ನ ಜಾಲಾಡಿದರೂ, ಅಪರಿಚಿತರು ಕೊಟ್ಟ ತಿಂಡಿಯಿಂದ ಮಗು ಸತ್ತ ಒಂದು ಖಚಿತ ಪ್ರಕರಣ ಸಿಗಲಿಲ್ಲ. ಆದ್ರೂ ಭಯ ಉಳಿದಿದೆ. ಸೀಲ್ ಇಲ್ಲದ ತಿಂಡಿ ಮನೆಗೆ ಹೋದ ತಕ್ಷಣ ಕಸದ ಬುಟ್ಟಿಗೆ. ಅಮ್ಮನ ಶ್ರಮ ಕಸಕ್ಕೆ ಹೋಗೋದು ಬೇಡ ಅಂತ ಒಪ್ಪಿಸಿದೆ.

ಮೊದಲು ತಲೆ ಎಣಿಸಿ

ದುಡ್ಡು ಉಳಿಸೋ ಮೊದಲ ಉಪಾಯ ಅಂಗಡಿಯಲ್ಲಿಲ್ಲ, ಎದುರು ಮನೇಲಿದೆ. ಎದುರು ಮನೆ ಅಜ್ಜಿ ಪ್ರತಿ ವರ್ಷ ಒಂದು ಚೀಟಿಯಲ್ಲಿ ಗೆರೆ ಹಾಕಿ ಲೆಕ್ಕ ಇಡ್ತಾರೆ. ಕೇಳಿದೆ. ಹಿಂದಿನ ವರ್ಷ 218 ಮಕ್ಕಳು. ಅದಕ್ಕೆ ಶೇ. 10 ಸೇರಿಸಿ 240 ಅಂತ ಇಟ್ಟುಕೊಂಡೆ. ಹೊಸ ಏರಿಯಾಕ್ಕೆ ಹೋಗಿದ್ರೆ ನೀವೂ ಹೀಗೆ ಅಕ್ಕಪಕ್ಕದಲ್ಲಿ ಒಂದು ಮಾತು ಕೇಳಿ. 20 ಮಕ್ಕಳು ಬರೋ ಬೀದಿಗೂ 200 ಬರೋ ಬೀದಿಗೂ ಖರೀದಿ ಬೇರೆ.

ಚಾಕ್ಲೇಟ್ ಬಿಡಿ

ಆ ವರ್ಷ ಐವರಿ ಕೋಸ್ಟ್, ಘಾನಾಗಳಲ್ಲಿ ಬೆಳೆ ಕೈಕೊಟ್ಟು ಕೋಕೋ ಬೆಲೆ ಟನ್ನಿಗೆ 10,000 ಡಾಲರ್ ದಾಟಿತ್ತು. 150 ಚಾಕ್ಲೇಟಿನ ಚೀಲ ನಮ್ಮ ಅಂಗಡಿಯಲ್ಲಿ 24 ಡಾಲರ್. 240 ಮಕ್ಕಳಿಗೆ ಎರಡೆರಡು ಕೊಡಬೇಕಂದ್ರೆ ನಾಲ್ಕು ಚೀಲ, ಅಂದ್ರೆ 96 ಡಾಲರ್. ಸಾಧ್ಯವೇ ಇಲ್ಲ.

ಸಕ್ಕರೆ ಕ್ಯಾಂಡಿ ಕಡೆ ತಿರುಗಿದೆ. ನಾನು ತಂದದ್ದು ಇಷ್ಟು:

ಡಮ್ ಡಮ್ಸ್ ಲಾಲಿಪಾಪ್, 300ರ ಚೀಲ: 14 ಡಾಲರ್.
ಸ್ಮಾರ್ಟೀಸ್, 180 ಸುರುಳಿಯ ಚೀಲ: 9 ಡಾಲರ್. (ನಾವು ಭಾರತದಲ್ಲಿ ಕೇಳಿರೋ ಚಾಕ್ಲೇಟ್ ಗುಂಡಿಗಳಲ್ಲ, ಹುಳಿಸಿಹಿ ಪೆಪ್ಪರ್‌ಮೆಂಟ್ ಬಿಲ್ಲೆಗಳ ಸಣ್ಣ ಸುರುಳಿ. ನಮ್ಮ ನ್ಯೂ ಜೆರ್ಸಿಯದೇ ಕಂಪನಿ.)
ಡಾಲರ್ ಅಂಗಡಿಯ ಸ್ಟಿಕರ್, ಎರಡು ಪ್ಯಾಕ್: ಎರಡೂವರೆ ಡಾಲರ್.

ಒಟ್ಟು 25.50 ಡಾಲರ್, 480 ತುಂಡು. ಸೆಕೆ ಇದ್ರೂ ಕರಗಲ್ಲ. ಆ ದಿನ ಅಕ್ಟೋಬರ್ ಅಂತ ನಂಬೋಕಾಗದಷ್ಟು ಸೆಕೆ ಇತ್ತು. ಎರಡರಲ್ಲೂ ಜೆಲಟಿನ್ ಇಲ್ಲ, ಹಾಗಾಗಿ ಸಸ್ಯಾಹಾರಿ ಮನೆ ಮಕ್ಕಳೂ ತಿನ್ನಬಹುದು. ಉಳಿದ್ರೆ ಬೇಗ ಕೆಡಲ್ಲ, ತಾರೀಖು ನೋಡಿ ಇಟ್ಕೋಬಹುದು. ಲಾಲಿಪಾಪ್‌ನಲ್ಲಿ "ಮಿಸ್ಟರಿ" ಅಂತ ಒಂದು ರುಚಿ ಬರುತ್ತೆ. ಒಂದು ರುಚಿಯ ಪಾಕ ಮುಗಿದು ಇನ್ನೊಂದು ಶುರುವಾಗೋವಾಗ ನಡುವೆ ಬೆರೆತದ್ದನ್ನ ಎಸೀದೆ ಹಾಗೆ ಸುತ್ತಿ ಕೊಡ್ತಾರೆ. ಮಕ್ಕಳು ಅದನ್ನೇ ಹುಡುಕಿ ತಗೋತಾರೆ! ಕಂಪನಿಯವರ ಉಳಿತಾಯ ನೋಡಿ ನನಗೂ ಧೈರ್ಯ ಬಂತು.

ಕೈಯಲ್ಲಿ ಕೊಡಿ

ಬಟ್ಟಲು ಹೊರಗಿಟ್ಟು "ಒಂದು ತಗೊಳ್ಳಿ" ಅಂತ ಬೋರ್ಡ್ ಹಾಕಿದ್ರೆ ಮೊದಲ ಹತ್ತು ಮಕ್ಕಳಿಗೇ ಖಾಲಿ ಆಗೋ ಸಾಧ್ಯತೆ ಇದೆ. ಅಮ್ಮ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತ್ರು. ತಟ್ಟೆ ಮುಂದೆ ಹಿಡಿದು, ಎರಡು ಬೆರಳು ತೋರಿಸಿ, "ಎರಡು ತಗೋ ಮರಿ, ನಿಂಗ್ಯಾವುದು ಬೇಕೋ ನೋಡ್ಕೋ" ಅಂತ ಅಚ್ಚ ಕನ್ನಡದಲ್ಲೇ ಹೇಳ್ತಿದ್ರು. ಯಾವ ಮಗುವಿಗೂ ಅರ್ಥವಾಗದೇ ಇರಲಿಲ್ಲ. ತಾವೇ ಆರಿಸ್ಕೋಬಹುದು ಅಂದ್ರೆ ಅದು ಎಷ್ಟು ಚಿಕ್ಕದು ಅಂತ ಮಕ್ಕಳು ನೋಡೋದೇ ಇಲ್ಲ. ಲೆಕ್ಕವೂ ಕೈ ಮೀರಲ್ಲ.

ತಿನ್ನೋಕಾಗದ ಮಕ್ಕಳಿಗೆ

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಗಟ್ಟಿ ಕ್ಯಾಂಡಿ ಗಂಟಲಿಗೆ ಸಿಕ್ಕೋ ಅಪಾಯ. ಕೆಲವು ಮಕ್ಕಳಿಗೆ ಹಾಲು, ಕಡಲೆಬೀಜ, ಗೋಡಂಬಿ ಅಲರ್ಜಿ. ಅದಕ್ಕೇ ಸ್ಟಿಕರ್. 2014ರಿಂದ ಇಲ್ಲಿ ನೀಲಿ-ಹಸಿರು ಬಣ್ಣದ ಕುಂಬಳಕಾಯಿ ಇಡೋ ಒಂದು ರೂಢಿ ದೇಶದ ತುಂಬ ಹಬ್ಬಿದೆ, "ಟೀಲ್ ಪಂಪ್ಕಿನ್" ಅಂತ. ಬಾಗಿಲಲ್ಲಿ ಅದು ಕಂಡ್ರೆ ಆ ಮನೇಲಿ ತಿಂಡಿ ಅಲ್ಲದ ಉಡುಗೊರೆಯೂ ಇದೆ ಅಂತ ಅರ್ಥ. ಕುಂಬಳಕಾಯಿ ಕೊಳ್ಳೋಕೂ ದುಡ್ಡಿಲ್ಲ ಅಂತ ಮಗಳು ಪೇಪರ್ ಮೇಲೆ ಬಣ್ಣ ಹಚ್ಚಿ ಬಾಗಿಲಿಗೆ ಅಂಟಿಸಿದಳು. ನಡೀತು. ಕ್ಯಾಂಡಿ ಕೊಡೋ ಮುಂಚೆ ಚೀಲದ ಮೇಲಿನ ಲೇಬಲ್ ಓದೋದು ಮರೀಬೇಡಿ.

ನಮ್ಮ ಏರಿಯಾದವರಲ್ಲ

ಬೀದಿಯಲ್ಲಿ ಕೆಲವರು ಗೊಣಗ್ತಾರೆ: "ಇವರೆಲ್ಲ ನಮ್ಮ ಏರಿಯಾದವರಲ್ಲ, ಕಾರಲ್ಲಿ ಬರ್ತಾರೆ." ಇದನ್ನ ಕೇಳಿದಾಗೆಲ್ಲ ನನಗೆ ಗಣೇಶನ ಹಬ್ಬ ನೆನಪಾಗುತ್ತೆ. ಚಿಕ್ಕಂದಿನಲ್ಲಿ ನಾವು ಹಿಡಿ ಅಕ್ಷತೆ ಹಿಡ್ಕೊಂಡು "ನಿಮ್ಮನೇಲಿ ಗಣೇಶ ಕೂರ್ಸಿದೀರಾ?" ಅಂತ ಬಾಗಿಲು ಬಾಗಿಲು ಬಡೀತಿದ್ವಿ. 21 ಗಣೇಶ ಆದ್ರೆ ಸಾಲದು, 108 ಆಗಲೇಬೇಕು ಅಂತ ಹಟ. ಕುವೆಂಪುನಗರದಲ್ಲಿ ಶುರು ಮಾಡಿದವರು ಸರಸ್ವತಿಪುರಂವರೆಗೂ ಹೋಗ್ತಿದ್ವಿ. ಅಲ್ಲಿ ಯಾರೂ "ನೀವು ಯಾವ ಬೀದಿಯೋರು?" ಅಂತ ಕೇಳಲಿಲ್ಲ. ಕೈಗೆ ಒಂದು ಚಮಚ ಚರ್ಪು ಹಾಕ್ತಿದ್ರು, ಅಷ್ಟೇ. ಕೋಸಂಬರಿ ಎಷ್ಟು ಕೊಟ್ರು ಅಂತ ನನಗೆ ಒಂದು ಮನೇದೂ ನೆನಪಿಲ್ಲ. ಬಾಗಿಲು ತೆಗೀದೆ ಕಿಟಕಿಯಿಂದ ಕೈ ಆಡಿಸಿ ಕಳಿಸಿದ ಮನೆ ಮಾತ್ರ ಚೆನ್ನಾಗಿ ನೆನಪಿದೆ.

ಆ ಸಂಜೆ

ನಾಲ್ಕೂವರೆಗೆ ಶುರು. ಒಣಗಿದ ಎಲೆ ಬೀದಿ ತುಂಬ ಇದ್ದದ್ದರಿಂದ ಎಣ್ಣೆ ದೀಪ ಬೇಡ ಅಂತ ಬ್ಯಾಟರಿ ಹಣತೆಗಳನ್ನ ಮೆಟ್ಟಿಲ ಮೇಲೆ ಸಾಲಾಗಿಟ್ಟೆವು. ಮಗಳು ಅಮ್ಮನ ಹಳೇ ಸೀರೆ ಕಚ್ಚೆ ಹಾಕಿಸಿಕೊಂಡು, ರಟ್ಟಿನ ಒನಕೆ ಹಿಡಿದು ಓಬವ್ವ ಆಗಿದ್ದಳು. ಖರ್ಚು ಸೊನ್ನೆ. ಅಮ್ಮನ ಪಕ್ಕ ಎರಡು ಬಟ್ಟಲು. ಒಂದು ಮಗು ಬಂದಾಗ ಒಂದು ಕಡಲೆಕಾಳು ಈ ಬಟ್ಟಲಿಂದ ಆ ಬಟ್ಟಲಿಗೆ.

ಎಂಟು ದಾಟಿತು. ಅಕ್ಕಪಕ್ಕದ ಲೈಟುಗಳು ಒಂದೊಂದಾಗಿ ಆರಿದವು. ಇವರು ಎದ್ದು ಸ್ವಿಚ್ ಹತ್ರ ಹೋದ್ರು. ಅಷ್ಟರಲ್ಲಿ ಒಬ್ಬ ಹೆಂಗಸು ಎರಡು ಮಕ್ಕಳ ಕೈ ಹಿಡಿದು ಓಡೋ ಹಾಗೆ ಬಂದಳು. ಅಂಗಡಿ ಕೆಲಸದ ಯೂನಿಫಾರ್ಮ್ ಇನ್ನೂ ಮೈಮೇಲಿತ್ತು. "ಈಗಷ್ಟೇ ಶಿಫ್ಟ್ ಮುಗೀತು, ತಡ ಆಯ್ತು, ಕ್ಷಮಿಸಿ" ಅಂದಳು. ಇವರು ಸ್ವಿಚ್ಚಿಂದ ಕೈ ತೆಗೆದು, ತಾವೇ ತಟ್ಟೆ ತಗೊಂಡು ಮೆಟ್ಟಿಲು ಇಳಿದು ಹೋದ್ರು. ಆ ಮಕ್ಕಳಿಗೆ ಹಿಡಿ ತುಂಬ ಕೊಟ್ರು. ಒಂದು ತಿಂಗಳಿಂದ ಕುಗ್ಗಿ ಕೂತಿದ್ದ ಮನುಷ್ಯ ಅವತ್ತು ಬೀದಿಯಲ್ಲಿ ನಿಂತು ಆ ಹೆಂಗಸಿನ ಜೊತೆ ಐದು ನಿಮಿಷ ಹರಟೆ ಹೊಡೆದ್ರು. ಕೊಡೋಕೆ ನಮ್ಮ ಹತ್ರ ಇನ್ನೂ ಏನೋ ಇದೆ ಅಂತ ಅವರಿಗೆ ಅನ್ನಿಸಿದ್ದು ಅವತ್ತೇ ಇರಬೇಕು.

ರಾತ್ರಿ ಕಡಲೆಕಾಳು ಎಣಿಸಿದೆವು: 226. ತಲೆಗೆ ಹನ್ನೊಂದು ಸೆಂಟ್ ಚಿಲ್ಲರೆ. ಕ್ಯಾಂಡಿ ಇನ್ನೂ ಸ್ವಲ್ಪ ಉಳಿದಿತ್ತು.

52ನೇ ದಿನ ಇನ್ನೊಂದು ಕಂಪನಿ ಅರ್ಜಿ ಹಾಕಿತು. ಈಗ ಚಾಕ್ಲೇಟ್ ತರೋ ಶಕ್ತಿ ಇದೆ, ಆದ್ರೂ ನಮ್ಮ ಪಟ್ಟಿ ಬದಲಾಗಿಲ್ಲ. ಲಾಲಿಪಾಪ್, ಸ್ಮಾರ್ಟೀಸ್, ಸ್ಟಿಕರ್. ಸ್ಟಿಕರನ್ನ ಮಾತ್ರ ನವೆಂಬರ್ 1ರ ಅರ್ಧ ಬೆಲೆ ಸೇಲಿನಲ್ಲೇ ಮುಂದಿನ ವರ್ಷಕ್ಕೆ ತಂದಿಡ್ತೀನಿ. ಕೈ ಬಿಗಿ ಇರೋ ವರ್ಷ ನಿಮಗೂ ಬರಬಹುದು. ಆಗ ತಲೆ ಎಣಿಸಿ, ಚಿಕ್ಕದು ತನ್ನಿ, ಕೈಯಲ್ಲಿ ಕೊಡಿ. ಲೈಟ್ ಮಾತ್ರ ಆರಿಸಬೇಡಿ.

ಅಂದ ಹಾಗೆ, ಆ 226 ಕಡಲೆಕಾಳನ್ನ ಅಮ್ಮ ಅವತ್ತು ರಾತ್ರಿಯೇ ತೊಳೆದು ನೆನೆ ಹಾಕಿದ್ರು. ಮಾರನೇ ದಿನ ರಾಜ್ಯೋತ್ಸವಕ್ಕೆ ನಮ್ಮನೇಲಿ ಉಸಲಿ.