ಓಡಿಸುವುದು ಬೇರೆ, ಒಕ್ಕಲೆಬ್ಬಿಸುವುದು ಬೇರೆ

ನಮ್ಮ ಸಭೆಗಳಲ್ಲಿ ಈಚೆಗೆ ಒಂದೇ ಕ್ರಿಯಾಪದ ಮೊಳಗುತ್ತಿದೆ. "ಕಾಸರಗೋಡಿನಿಂದ ಕನ್ನಡವನ್ನು ಓಡಿಸುತ್ತಿದ್ದಾರೆ" ಎಂದು ಭಾಷಣಕಾರರು ಗುಡುಗುತ್ತಾರೆ, ಕರತಾಡನವಾಗುತ್ತದೆ, ಮರುದಿನ ಪತ್ರಿಕೆಯಲ್ಲಿ ಅದೇ ತಲೆಬರಹ. ಈ ಪದಕ್ಕೆ ನಮ್ಮ ಆಕ್ಷೇಪವಿದೆ. ವೇದನೆ ನಿಜ, ಪದ ತಪ್ಪು. ತಪ್ಪು ಪದದಲ್ಲಿ ಬರೆದ ಮನವಿಗೆ ಉತ್ತರಿಸುವುದು ಅಧಿಕಾರಿಗಳಿಗೆ ಬಲು ಸುಲಭ. "ಯಾರು ಓಡಿಸಿದರು? ಶಾಲೆ ಅಲ್ಲಿಯೇ ಇದೆಯಲ್ಲ!" ಎಂದರೆ ಮುಗಿಯಿತು.

ದೂರಮಾಡುವ ಕೆಲಸಕ್ಕೆ ಕನ್ನಡದಲ್ಲಿ ಪದಗಳ ಬರವಿಲ್ಲ. ಗದ್ದೆಗೆ ನುಗ್ಗಿದ ದನವನ್ನು ಅಟ್ಟುತ್ತೇವೆ. ಹೂಡಿದ ಎತ್ತನ್ನು ಹೊಡೆಯುತ್ತೇವೆ, ಆದರೆ ಅದು ಜೊತೆಗೆ ನಡೆಸುವ ಕೆಲಸ. ಬೆನ್ನಟ್ಟುವವನಿಗೆ ಬೇಟೆ ಕೈಗೆ ಸಿಕ್ಕಬೇಕು. ಅಟ್ಟುವವನಿಗೆ ಕಣ್ಣಿಗೆ ಮರೆಯಾದರೆ ಸಾಕು. ಮಂತ್ರವಾದಿಗಳ ಷಟ್ಕರ್ಮಗಳಲ್ಲಿ ಒಂದಾಗಿದ್ದ ಉಚ್ಚಾಟನೆ ಈಗ ರಾಜಕೀಯ ಪಕ್ಷಗಳ ಪತ್ರಿಕಾ ಹೇಳಿಕೆಗೆ ಇಳಿದಿದೆ. ಗಡೀಪಾರಿಗೆ ಒಂದು ಆದೇಶಪತ್ರವಾದರೂ ಬೇಕು. (ನಮ್ಮನ್ನಾದರೋ ನಿಂತಲ್ಲಿಯೇ ಬಿಟ್ಟು, 1956ರ ನವೆಂಬರ್ 1ರಂದು ಗಡಿಯನ್ನೇ ದಾಟಿಸಿದರು.) ಇವುಗಳ ಪೈಕಿ ಓಡಿಸು ಎಂಬುದೇ ಅತ್ಯಂತ ಸಪ್ಪೆ. ನೊಣವನ್ನೂ ಓಡಿಸಬಹುದು, ಬಸ್ಸನ್ನೂ ಓಡಿಸಬಹುದು. ನಮ್ಮ ಕಡೆ ಬಸ್ಸನ್ನು 'ಬಿಡು'ತ್ತಾರೆ ಎಂಬುದು ಬೇರೆ ಮಾತು. ಓಡಿದವರಿಗೆ ಅಲ್ಲಿ ಇರುವ ಹಕ್ಕಿತ್ತೇ ಎಂಬುದನ್ನು ಆ ಪದ ಹೇಳುವುದೇ ಇಲ್ಲ.

ಹೇಳುವ ಪದ ಒಂದಿದೆ: ಒಕ್ಕಲೆಬ್ಬಿಸು. ಒಕ್ಕಲು ಎಂದರೆ ನೆಲ ಹಿಡಿದು ಬಾಳುವ ಮನೆತನ. ದನವನ್ನು ಒಕ್ಕಲೆಬ್ಬಿಸಲಾಗದು, ಕಳ್ಳನನ್ನೂ ಆಗದು. ಆ ಪದವನ್ನು ಉಚ್ಚರಿಸಿದೊಡನೆ 'ಗೇಣಿಚೀಟಿ ಎಲ್ಲಿ?' ಎಂಬ ಪ್ರಶ್ನೆ ಏಳುತ್ತದೆ; ನಮ್ಮ ಬಳಿ ಅದು ಇದೆ. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿಯೇ ಸಂವಿಧಾನದ ಏಳನೆಯ ತಿದ್ದುಪಡಿ 350ಎ ವಿಧಿಯನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸತಕ್ಕದ್ದೆಂದು ಅದು ವಿಧಿಸುತ್ತದೆ. ಇನ್ನೊಂದು ಮಾತೂ ಉಂಟು. 1957ರ ಏಪ್ರಿಲ್‌ನಲ್ಲಿ ಅಧಿಕಾರಕ್ಕೆ ಬಂದ ಕೇರಳದ ಪ್ರಥಮ ಚುನಾಯಿತ ಸರಕಾರ ವಾರದೊಳಗೆ ಹೊರಡಿಸಿದ ಸುಗ್ರೀವಾಜ್ಞೆ ಯಾವುದು? ಒಕ್ಕಲೆಬ್ಬಿಸುವುದಕ್ಕೆ ತಡೆ! ನೆಲದ ಒಕ್ಕಲಿಗೆ ದೊರೆತ ರಕ್ಷಣೆ ನುಡಿಯ ಒಕ್ಕಲಿಗೇಕೆ ದೊರೆಯದು ಎಂದು ತಿರುವನಂತಪುರವನ್ನು ಅದರದೇ ಹೆಮ್ಮೆಯ ಮಾತಿನಿಂದ ಕೇಳಬಹುದು. "ಓಡಿಸಬೇಡಿ" ಎಂಬ ಗೋಗರೆತಕ್ಕೆ ಆ ಬಲವಿಲ್ಲ.

"ಯಾರೂ ಓಡಿಸಲಿಲ್ಲ, ನಿಮ್ಮವರೇ ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಕಳುಹಿಸಿದರು" ಎಂಬ ವಾದವೊಂದಿದೆ. ನಮ್ಮೊಳಗಿನವರೂ ಅದನ್ನು ಜಾಣತನವೆಂಬಂತೆ ಆಡುತ್ತಾರೆ. ಇದಕ್ಕೆ ಉತ್ತರ ಹಳಗನ್ನಡದಲ್ಲಿದೆ. ಅಲ್ಲಿ ಅಟ್ಟು ಎಂಬುದಕ್ಕೆ ಬೆನ್ನುಹತ್ತು ಎಂಬ ಅರ್ಥವೂ ಉಂಟು, ಕಳುಹಿಸು ಎಂಬ ಅರ್ಥವೂ ಉಂಟು. ಅರಸರು ದೂತರನ್ನು ಅಟ್ಟುತ್ತಿದ್ದರು, ಓಲೆಯನ್ನು ಅಟ್ಟುತ್ತಿದ್ದರು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರ ನೇಮಕವಾಗುತ್ತದೆ. ಗಣಿತದ ಲೆಕ್ಕವೊಂದೂ ತಿಳಿಯದೆ ಮಗು ಅರ್ಧ ವರ್ಷ ಸುಮ್ಮನೆ ಕುಳಿತು ಬರುತ್ತದೆ. ಕಡೆಗೆ ತಂದೆ ವರ್ಗಾವಣೆ ಪತ್ರ ಬೇಡಲು ಹೋಗುತ್ತಾನೆ. ಕಳುಹಿಸಿದ ಕೈ ತಂದೆಯದು, ಅಟ್ಟಿದ ಕೋಲು ನೇಮಕಾತಿ ಆದೇಶದ್ದು. ಮುಂದಿನ ವರ್ಷ ಮಕ್ಕಳ ಸಂಖ್ಯೆ ಸಾಲದೆಂದು ಆ ವಿಭಾಗವೇ ರದ್ದಾದರೆ, ಕಡತದಲ್ಲಿ ಕ್ರಿಯಾಪದವೇ ಕಾಣದು. ಸಂಖ್ಯೆ ಮಾತ್ರ ಕಾಣುತ್ತದೆ. ಈ ಸಂಖ್ಯೆಯನ್ನು ತೋರಿಸಿ ನಮ್ಮ ಹೆತ್ತವರನ್ನು ಹಳಿಯುವುದು ಅನ್ಯಾಯ.

ಊರ ಹೆಸರುಗಳ ಮಾತು ಸಣ್ಣದು. ಮಂಜೇಶ್ವರದ ಬಾಲಕ್ಕೆ ಫಲಕಗಳಲ್ಲಿ ಅನುಸ್ವಾರವೊಂದು ಅಂಟಿಕೊಂಡಿದೆ. ಅದಕ್ಕೆ ಒಕ್ಕಲೆಬ್ಬಿಸು ಎಂಬ ಘನವಾದ ಪದವನ್ನು ವ್ಯಯಿಸಬೇಕಾಗಿಲ್ಲ.

ಈ ಸಮ್ಮೇಳನದ ನಿರ್ಣಯಗಳ ಕರಡಿನಲ್ಲಿ 'ಓಡಿಸು' ಕಂಡಲ್ಲೆಲ್ಲ ಹೊಡೆದುಹಾಕಿ 'ಒಕ್ಕಲೆಬ್ಬಿಸು' ಎಂದು ಬರೆಯಬೇಕು. ಅದರ ಕೆಳಗೆ ಯಾವ ಶಾಲೆ, ಯಾವ ತರಗತಿ, ಯಾವ ವಿಷಯ, ಯಾವ ದಿನಾಂಕದ ನೇಮಕ ಎಂಬುದನ್ನು ನಮೂದಿಸಬೇಕು. ಮನವಿಯ ಮಲಯಾಳಂ ಪ್ರತಿಯಲ್ಲಿ 'ಕುಡಿಯೊಳಿಪ್ಪಿಕ್ಕಲ್' ಎಂದೇ ಬರಲಿ. ಅಲ್ಲಿಯ ಕುಡಿ ಎಂದರೆ ಇಲ್ಲಿಯ ಒಕ್ಕಲೇ. ಓದುವ ಅಧಿಕಾರಿಗೆ ಆ ಪದದ ಚರಿತ್ರೆಯನ್ನು ನಾವು ವಿವರಿಸಬೇಕಾಗಿಲ್ಲ.